ಲಾಭ, ಎರಡು, ಮೂರು

ಮಧುಗಿರಿ
೮–೧–೨೦೨೫

ಪ್ರೀತಿಯ ಇಂದ್ರಮ್ಮನಿಗೆ ನಾಗಲಿಂಗಯ್ಯನ ನಮಸ್ಕಾರ.

ಆಶೀರ್ವಾದ ಎಂದು ಬರೆದರೆ ನೀನು ಮುಂದಕ್ಕೆ ಓದುವುದಿಲ್ಲ, ಅದಕ್ಕೇ ನಮಸ್ಕಾರ. ಫೋನಂತೂ ಎತ್ತುವುದಿಲ್ಲ. ತೋವಿನಕೆರೆಯ ನಿನ್ನ ತಮ್ಮನೇ ಎತ್ತಿ, "ಅಕ್ಕ ಅವರೆಕಾಯಿ ಬುಡುಸ್ತಾವ್ಳೆ ಭಾವ" ಎನ್ನುತ್ತಾನೆ. ಮೂರು ವಾರ ಬಿಡಿಸುವಷ್ಟು ಅವರೆಕಾಯಿ ಇಡೀ ಕೊರಟಗೆರೆ ತಾಲ್ಲೂಕಿನಲ್ಲೇ ಇಲ್ಲ.

ನನ್ನ ಊಟದ ಚಿಂತೆ ಬೇಡ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮುದ್ದೆ, ಸೊಪ್ಪಿನ ಸಾರು ಸೊಗಸಾಗಿದೆ.

ನಿನ್ನ ಸಿಟ್ಟು ನ್ಯಾಯವಾದದ್ದೇ. ನಮ್ಮ ಹೊಲ ಕೊಯ್ದ ಚಿಕ್ಕಹನುಮಕ್ಕನಿಗೆ ಅವಳ ಪಾಲಿನ ರಾಗಿ ಅಳೆಯುತ್ತ, ನಿನ್ನವ್ವ ಎಣಿಸುತ್ತಿದ್ದ ಹಾಗೆ, ನೀನು ಮೊದಲ ಸೇರಿಗೆ 'ಲಾಭ' ಎಂದೆ. ಮೂವತ್ತೊಂದು ವರ್ಷ ಗಣಿತ ಹೇಳಿದ ಬಾಯಿ ನನ್ನದು. ಲಾಭ ಎಂಬ ಸಂಖ್ಯೆಯೇ ಇಲ್ಲ, ಒಂದು ಅನ್ನು ಎಂದು ಆಕೆಯ ಎದುರಿಗೇ ನಾನು ಗದರಿದೆ. ನೀನು ಸೇರನ್ನು ನನ್ನ ಕೈಗೆ ಕೊಟ್ಟು, "ಇನ್ಮ್ಯಾಕೆ ನೀವೇ ಅಳ್ಕಳಿ ಮೇಷ್ಟ್ರೇ" ಎಂದು ಬಸ್ಸು ಹತ್ತಿದೆ.

ಈಗ ಆಗಿದ್ದು ಕೇಳು. ನಾನು ಕಂಪ್ಯೂಟರಿನ ಮುಂದೆ ಕೂತು ಕಲಿಯುವ ಲೋಜ್‌ಬಾನ್ ಇದೆಯಲ್ಲ, ತರ್ಕ ತಪ್ಪಬಾರದೆಂದು ಕೆಲವರು ಕೂತು ಕಟ್ಟಿದ ಭಾಷೆ, ನೀನು "ಹೆತ್ತವ್ವ ಇಲ್ದಿರೋ ಭಾಷೆ" ಎನ್ನುತ್ತೀಯಲ್ಲ, ಅದರಲ್ಲಿ ನಮ್ಮ ಗುಂಪು ಒಂದು ಗಣಿತದ ಪುಸ್ತಕ ಬರೆಯುತ್ತಿದೆ. ಬೇಕಾದಾಗ ಪದ ಸಿಗುವುದಿಲ್ಲ. ಸಿಗದ ಪದಗಳ ಪಟ್ಟಿ ಇಡುವವನು ನಾನು, ನಲವತ್ತಮೂರು ಆಗಿದ್ದವು. ಮೊನ್ನೆ ಎಣಿಕೆಯ ಪಾಠಕ್ಕೆ ಬಂದಾಗ, ನಿಮ್ಮ ಕಡೆ ಹೇಗೆ ಎಣಿಸುತ್ತಾರೆ ಎಂದು ಎಲ್ಲರನ್ನೂ ಕೇಳಿದರು. ತಡೆಯಲಾರದೆ ನಿನ್ನ ಲಾಭದ ವಿಷಯ ಬರೆದುಬಿಟ್ಟೆ. ಕುಣಿದಾಡಿದರು ಇಂದ್ರಮ್ಮ. ಎಣಿಕೆ ಶುರುವಾಗುವಾಗಲೇ ಒಳ್ಳೆಯದಾಗಲಿ ಎನ್ನುವ ಪದ ನಮ್ಮಲ್ಲಿ ಇಲ್ಲ, ಪಟ್ಟಿಗೆ ಸೇರಿಸಿ ಎಂದರು. ಹೇಳಿಕೊಟ್ಟವರು ಯಾರು ಎಂದರು. ನನ್ನ ಹೆಂಡತಿ, ಅದಕ್ಕೇ ಅವಳನ್ನು ಗದರಿ ತವರಿಗೆ ಕಳಿಸಿದ್ದೇನೆ ಎಂದೆ. ಪೋಲೆಂಡಿನ ಒಬ್ಬ ಟೀಚರಮ್ಮ, ಮೊದಲು ಆಕೆಯನ್ನು ಕರೆದುಕೊಂಡು ಬನ್ನಿ, ಪದ ಆಮೇಲೆ ನೋಡೋಣ ಎಂದು ಬರೆದರು. ಅಷ್ಟು ದೂರದವರಿಂದ ಬೈಸಿಕೊಂಡರೂ ನನಗೆ ಖುಷಿಯೇ ಆಯಿತು.

ತಪ್ಪಾಯಿತು. ಪಟ್ಟಿಯ ನಲವತ್ತನಾಲ್ಕನೆಯ ಸಾಲಿನಲ್ಲಿ ಆ ಪದವೂ ನಿನ್ನ ಹೆಸರೂ ಇವೆ. ಚಿಕ್ಕಹನುಮಕ್ಕನ ರಾಗಿ ಪಡಸಾಲೆಯಲ್ಲೇ ಇದೆ. ನಾನು ಅಳೆಯಲು ಹೋದರೆ, "ಅಮ್ಮಾರು ಬರ್ಲಿ ಬುಡಿ, ಅವ್ರು ಲಾಭ ಅಂದ್ರೇನೇ ನಾನು ಒಯ್ಯಾದು" ಎನ್ನುತ್ತಾಳೆ. ಸಂಕ್ರಾಂತಿಗೆ ಮುಂಚೆ, ಈ ಭಾನುವಾರವೇ ಬಾ.

ನೀನು ಸೇರು ಕೊಟ್ಟು ಹೋದ
ನಾಗಲಿಂಗಯ್ಯ

ಮರೆತ ಮಾತು: ಹೋಟೆಲಿನ ಮುದ್ದೆ ಸುಳ್ಳು. ದಿನಾ ನಾನೇ ಬೇಯಿಸಿಕೊಳ್ಳುತ್ತೇನೆ. ಪಾವನ್ನು ಅಕ್ಕಿ ಡಬ್ಬಕ್ಕೆ ಹಾಕಿದರೆ ಬಾಯಿ ತಾನಾಗಿಯೇ ಲಾಭ ಎನ್ನುತ್ತದೆ. ಒಬ್ಬನಿಗೆ ಒಂದು ಪಾವು ಸಾಕಲ್ಲ, ಎಣಿಕೆ ಅಲ್ಲಿಗೇ ನಿಂತುಹೋಗುತ್ತದೆ. ಭಾನುವಾರ ಮಾತ್ರ ಎರಡು ಎಂದೂ ಹೇಳಿಯೇ ಒಲೆ ಹಚ್ಚುತ್ತೇನೆ.