ಕಂಬದ ಮೇಲೆ ಕೂಗುವ ಗುಳುಮುಳುಕ

ಜಲಾಶಯಗಳ ಅಭಿವೃದ್ಧಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ದೊಡ್ಡ ಜಲಾಶಯದ ದಂಡೆಯ ಕಂಬಗಳಿಗೆ ತಾವು ಕಟ್ಟಿಸಿರುವ ಧ್ವನಿವರ್ಧಕಗಳನ್ನು ಇಳಿಸಿ. ಮುಂದಿನದನ್ನು ಓದಲು ತಮಗೆ ಪುರುಸೊತ್ತಿಲ್ಲದಿದ್ದರೆ ಇಷ್ಟು ಮಾಡಿದರೂ ಸಾಕು.

ಜೊಂಡು ಕೀಳಿಸಿ, ದಡಕ್ಕೆ ಕಲ್ಲು ಹಾಸಿಸಿ, ಹಕ್ಕಿಗಳೆಲ್ಲ ಜಾಗ ಖಾಲಿ ಮಾಡಿದ ಮೇಲೆ ಅವುಗಳ ಕೂಗನ್ನು ಪೆಟ್ಟಿಗೆಯಿಂದ ಕೇಳಿಸುವ ಉಪಾಯ ಯಾರ ತಲೆಗೆ ಹೊಳೆಯಿತೋ ಕಾಣೆ. ನಿಜವಾದ ಹಕ್ಕಿಗೆ ಜೊಂಡು ಬೇಕು, ಮೀನು ಬೇಕು. ಪೆಟ್ಟಿಗೆಯ ಹಕ್ಕಿಗೆ ಒಂದು ಸ್ವಿಚ್ಚು ಸಾಕು. ಅದು ಬೆಂಚಿನ ಮೇಲೆ ಹಿಕ್ಕೆಯನ್ನೂ ಹಾಕುವುದಿಲ್ಲ. ವಾಯುವಿಹಾರಿಗಳ ಮನಸ್ಸಿಗೆ ಇದರಿಂದ ಹಿತವಾಗುತ್ತದೆ ಎಂದು ತಮ್ಮ ಕಚೇರಿ ಹೇಳಿಕೊಂಡಿದೆ. ಇರಬಹುದು. ನನ್ನ ಅಕ್ಕನಿಗೆ ಏನಾಯಿತೆಂದು ಹೇಳುತ್ತೇನೆ, ಕೇಳಿ.

ಅಕ್ಕ ದರ್ಜಿ. ದೃಷ್ಟಿ ಪೂರ್ತಿ ಹೋಗುವವರೆಗೂ ಬಟ್ಟೆ ಹೊಲಿದಳು. ಭಾನುವಾರ ಜಲಾಶಯಗಳನ್ನು ಸುತ್ತಿ ಹಕ್ಕಿ ನೋಡುವ ಹುಚ್ಚು ನನಗೆ ಹಿಡಿಸಿದವಳು ಅವಳೇ. ಕಣ್ಣು ಹೋದ ಮೇಲೂ ನಾವು ಅದನ್ನು ಬಿಡಲಿಲ್ಲ. ಅವಳು ಕೂಗು ಕೇಳಿ ದಿಕ್ಕು ತೋರಿಸುತ್ತಿದ್ದಳು, ನಾನು ದುರ್ಬೀನು ತಿರುಗಿಸಿ ಕಂಡದ್ದನ್ನು ಹೇಳುತ್ತಿದ್ದೆ. "ನಾವಿಬ್ಬರೂ ಸೇರಿದ್ರೆ ಒಂದು ಆಳು ಕಣೋ" ಎಂದು ನಗುತ್ತಿದ್ದಳು.

ಹೋದ ತಿಂಗಳ ಒಂದು ಭಾನುವಾರ. ಗಳಿಗೆಗೊಮ್ಮೆ ಬಿಸಿಲು, ಗಳಿಗೆಗೊಮ್ಮೆ ಮೋಡ. ದೊಡ್ಡ ಜಲಾಶಯದ ದಂಡೆಗೆ ಕಾಲಿಟ್ಟದ್ದೇ ತಡ, ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. ಗುಳುಮುಳುಕ! ಇಲ್ಲಿ ಮುಳುಗಿ ಇನ್ನೆಲ್ಲೋ ಏಳುವ ಆ ಪುಟ್ಟ ನೀರುಹಕ್ಕಿಯ ಕಿಲಕಿಲ ಕೂಗು. ಜೊಂಡು ಹೋದಂದಿನಿಂದ ಅದು ಇಲ್ಲಿ ಇರಲಿಲ್ಲ.

"ವಾಪಸ್ ಬಂದಿದೆ ಕಣೋ. ಕಂಡಿತಾ?"

ನನಗೆ ಕಂಡದ್ದು ಕಂಬ, ಕಂಬದಲ್ಲೊಂದು ಬೂದು ಪೆಟ್ಟಿಗೆ. ದುರ್ಬೀನು ಇಳಿಸಿ ಅವಳ ಮುಖ ನೋಡಿದೆ. ಕಣ್ಣು ಹೋದ ಮೇಲೆ ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. "ಹೂಂ ಅಕ್ಕ, ಇದೆ" ಎಂದುಬಿಟ್ಟೆ.

ಅಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಕಾವಲುಗಾರನ ಗೂಡಿಗೆ ನುಗ್ಗಿದೆವು. ಹೊರಗೆ ಗುಡುಗು, ಗುಳುಮುಳುಕ ಮಾತ್ರ ಎಗ್ಗಿಲ್ಲದೆ ಕೂಗುತ್ತಲೇ ಇತ್ತು. "ಇಂಥ ಮಳೇಲಿ ಯಾವ ಹಕ್ಕಿ ಬಾಯಿ ಬಿಡುತ್ತೆ?" ಎಂದಳು ಅಕ್ಕ. ಅವಳ ಮಾತು ಮುಗಿಯುವಷ್ಟರಲ್ಲಿ ಕೂಗು ಅರ್ಧಕ್ಕೇ ನಿಂತಿತು.

"ಕರೆಂಟ್ ಹೋಯ್ತು ನೋಡಿ" ಎಂದ ಕಾವಲುಗಾರ. "ಇನ್ನು ಅದು ಬರೋವರೆಗೂ ಹಕ್ಕಿ ಕೂಗಲ್ಲ."

ಅಕ್ಕ ನನ್ನ ತೋಳಿನಿಂದ ಕೈ ತೆಗೆದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಳೆ ನಿಂತ ಮೇಲೆ ಬಲವಂತ ಮಾಡಿ ಗುಡ್ಡದಾಚೆಯ ಸಣ್ಣ ಜಲಾಶಯಕ್ಕೆ ಕರೆದುಕೊಂಡು ಹೋದೆ. ತಮ್ಮ ಅಭಿವೃದ್ಧಿ ಅಲ್ಲಿಗಿನ್ನೂ ದಯಮಾಡಿಸಿಲ್ಲ. ಮತ್ತೆ ಬಿಸಿಲು ಬಂದಿತ್ತು, ಜೊಂಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿ, ನಮ್ಮೆದುರಿಗೇ, ಗುಳುಮುಳುಕ ಕೂಗಿತು.

"ಇಲ್ಲೂ ಪೆಟ್ಟಿಗೆ ಇಟ್ಟಿದ್ದಾರಾ?"

"ಇಲ್ಲ ಅಕ್ಕ, ನಿಜವಾದ್ದೇ. ಮರಿಗಳನ್ನ ಬೆನ್ನ ಮೇಲೆ ಕೂರಿಸ್ಕೊಂಡು ಹೋಗ್ತಾ ಇದೆ. ನಿನ್ನಾಣೆ."

"ಆಗಲೂ ಇದೆ ಅಂದಿದ್ದೆಯಲ್ಲಪ್ಪ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಸ್ತಾಗಿದೆ, ಮನೆಗೆ ಹೋಗೋಣ ಎಂದಳು.

ಸುಳ್ಳು ಹೇಳಿದವನು ನಾನು, ಒಪ್ಪುತ್ತೇನೆ. ಆದರೆ ಆ ಸುಳ್ಳನ್ನು ಕಂಬಕ್ಕೆ ಕಟ್ಟಿದವರು ಯಾರು ಸ್ವಾಮಿ? ಕಣ್ಣಿದ್ದವರಿಗೆ ಪೆಟ್ಟಿಗೆ ಕಾಣುತ್ತದೆ, ನಕ್ಕು ಮುಂದೆ ಹೋಗುತ್ತಾರೆ. ಕಿವಿಯೊಂದನ್ನೇ ನಂಬಿಕೊಂಡಿದ್ದವಳು ಏನು ಮಾಡಬೇಕು? ಈಗ ಭಾನುವಾರ ದುರ್ಬೀನು ಹಿಡಿದು ಬಾಗಿಲಲ್ಲಿ ನಿಂತರೆ, "ನೀನೇ ಹೋಗಿ ಬಾ, ನಿಂಗೆ ಕಾಣುತ್ತಲ್ಲ" ಅನ್ನುತ್ತಾಳೆ. ನಾನೂ ಹೋಗುವುದಿಲ್ಲ.

ಪೆಟ್ಟಿಗೆಗಳನ್ನು ಇಳಿಸಿ. ಸಣ್ಣ ಜಲಾಶಯದ ಜೊಂಡಿಗೆ ಕೈ ಹಚ್ಚಬೇಡಿ. ಆಮೇಲೆ ಒಂದು ದಿನ ತಾವೇ ನಮ್ಮ ಮನೆಗೆ ಬಂದು, ಗುಡ್ಡದಾಚೆ ಕೂಗುತ್ತಿರುವುದು ಹಕ್ಕಿಯೇ ಎಂದು ಅಕ್ಕನಿಗೆ ಹೇಳಿ. ನಾನು ಹೇಳಿದರೆ ಅವಳು ನಂಬುವುದಿಲ್ಲ.

ಇಂತಿ,
ಉಳಿದಿರುವ ಅರ್ಧ ಆಳು