ವಿಷಯ: ಮೊಮ್ಮಗಳಿಗೆ ಕರಾಟೆ ಗುರುವನ್ನು ಗೊತ್ತುಮಾಡಿದ್ದು

4-6-2001, ಸೋಮವಾರ. ನಂಜನಗೂಡು.

ವಿವರಗಳು ಈ ಕೆಳಕಂಡಂತಿವೆ:

1. ಬರೆಯುವವನು: ಬೆಟ್ಟಸ್ವಾಮಿ, ವಯಸ್ಸು 69. ತಾಲ್ಲೂಕು ಕಚೇರಿಯ ನಕಲು ಶಾಖೆಯಲ್ಲಿ ಇಪ್ಪತ್ತೆಂಟು ವರ್ಷ ಸೇವೆ. ನಿವೃತ್ತಿಯ ನಂತರ ಅದೇ ಕಚೇರಿಯ ಎದುರು ಅರ್ಜಿ ಬರಹಗಾರ.
2. ಸಂಬಂಧಪಟ್ಟವಳು: ಮೊಮ್ಮಗಳು ಚೈತ್ರ, ಎಂಟನೇ ತರಗತಿ.
3. ಬೇಡಿಕೆ: ಕರಾಟೆ ಕಲಿಯಬೇಕಂತೆ.
4. ಆದೇಶ: ಸೊಸೆ ರಮ್ಯಳದು. "ಮಾವ, ನೀವೇ ವಿಚಾರಿಸಿ ಒಳ್ಳೇ ಮೇಷ್ಟ್ರನ್ನ ಗೊತ್ತುಮಾಡಿ. ನಿಮ್ಮ ಕಣ್ಣು ತಪ್ಪಿಸೋರು ಯಾರಿದ್ದಾರೆ?"

ಎಂದಿನಂತೆ ಸಂಜೆ ಆರಕ್ಕೆ ಚೈತ್ರ ಎದುರು ಕುಳಿತು ಒಂದು ಪುಟ ನಕಲು ಬರೆದಳು. ಐದು ವರ್ಷದ ಅಭ್ಯಾಸ. ಈಗ ಅವಳ ಅಕ್ಷರಕ್ಕೂ ನನ್ನ ಅಕ್ಷರಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಎಷ್ಟೋ ಜನಕ್ಕೆ ಕಲಿಸಿದೆ. ಕೈಗೆ ಹತ್ತಿದ್ದು ಇವಳೊಬ್ಬಳಿಗೆ.

10-6-2001, ಭಾನುವಾರ.

ಮೊದಲನೇ ತನಿಖೆ. ಬಜಾರು ರಸ್ತೆಯ ಮಹಡಿ. ಗೋಡೆ ತುಂಬ ಗೆದ್ದ ಕಪ್ಪುಗಳು, ಮಾಸ್ತರರದೇ ಫೋಟೋಗಳು. ಎಲ್ಲದರಲ್ಲೂ ಕಾಲು ಆಕಾಶಕ್ಕೆ.

"ಒಂದೂವರೆ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಸಾ."

"ತಮ್ಮ ಗುರುಗಳು ಯಾರು?"

"ಇಂಟರ್‌ನ್ಯಾಷನಲ್ ಸಾ."

ಅರ್ಜಿ ವಜಾ.

17-6-2001, ಭಾನುವಾರ.

ಟಿ. ನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿಬಂದೆ. ನಿಂಗರಾಜು ಎಂಬಾತ, ದನದ ಆಸ್ಪತ್ರೆಯಲ್ಲಿ ಅಟೆಂಡರ್. ಮನೆ ಹಿಂದಿನ ಮಣ್ಣಿನಂಗಳದಲ್ಲಿ ಹತ್ತು ಮಕ್ಕಳು. ಒಂದು ಗಂಟೆ ಒಂದೇ ಗುದ್ದು, ಒಂದೇ ನಿಲುವು. ಕೂಗಾಟವಿಲ್ಲ. ಕ್ಲಾಸ್ ಮುಗಿಯುವ ತನಕ ನನ್ನನ್ನು ಕಾಯಿಸಿದ. ಮೆಚ್ಚಿದೆ.

"ಆರು ತಿಂಗ್ಳು ಬರೀ ನಿಂತ್ಕೊಳಾದು ಕಲಿಸ್ತೀನಿ ಸಾ. ಬೆಲ್ಟು ಗಿಲ್ಟು ಆಮೇಲೆ. ಅವಸರ ಇದ್ರೆ ಬ್ಯಾಡಿ."

ನಾನೂ ಕಲಿಯಲು ಬಂದವರಿಗೆ ಆರು ತಿಂಗಳು ಬರೀ ಗೆರೆ ಎಳೆಸುತ್ತಿದ್ದೆ. ಗುರು ಯಾರೆಂದು ಕೇಳಿದಾಗ ಕೈಮುಗಿದು ತನ್ನ ಗುರು, ಗುರುವಿನ ಗುರು, ಅವರ ಗುರು ಎಂದು ವಂಶಾವಳಿ ಒಪ್ಪಿಸಿದ. ಮಂಗಳವಾರ, ಗುರುವಾರ, ಶನಿವಾರ ಸಂಜೆ ಐದೂವರೆಗೆ ನಂಜನಗೂಡಿಗೇ ಬರುತ್ತಾನಂತೆ. ಚೈತ್ರಳ ಸ್ಕೂಲಿನ ಹಾಲ್‌ನಲ್ಲಿ ಕ್ಲಾಸ್.

ಮಂಜೂರು ಮಾಡಿದೆ. ನಾನೇ.

2-8-2001, ಗುರುವಾರ.

ಊಟದ ಹೊತ್ತಿಗೆ "ಸಾರ್ ಹೇಳಿದ್ದಾರೆ" ಎಂಬ ಮಾತು ಹನ್ನೊಂದು ಸಲ ಬಂತು. ನೀರು ಹೇಗೆ ಕುಡಿಯಬೇಕು — ಸಾರ್ ಹೇಳಿದ್ದಾರೆ. ಚಪ್ಪಲಿ ಹೇಗೆ ಬಿಡಬೇಕು — ಅದೂ ಸಾರ್ ಹೇಳಿದ್ದಾರೆ. ಆ ಬಿಳೀ ಉಡುಪನ್ನು ಅವಳೇ ಒಗೆದು, ಅವಳೇ ಮಡಿಸಿ ಇಡುತ್ತಾಳೆ. ಶಾಲೆಯ ಯೂನಿಫಾರಂ ಮಾತ್ರ ಕುರ್ಚಿಯ ಮೇಲೆ.

ನಕಲು ಬರೆಯುವ ಹೊತ್ತು ಈಗ ವಾರಕ್ಕೆ ನಾಲ್ಕೇ ದಿನ. ಇವತ್ತು ನನಗೇ ಹೇಳಿದಳು — "ಬೆನ್ನು ನೆಟ್ಟಗೆ ತಾತ."

ನನ್ನವಳು ಶಿವನಂಜಮ್ಮ ಕಡ್ಡಿ ಆಡಿಸಿದಳು. "ಏನ್ರೀ ಅದು ಮುಖ? ಹೊಸಾ ಸೊಸೆ ಬಂದಾಗ ನಮ್ಮತ್ತೆ ಥೇಟ್ ಹಿಂಗೇ ಕೂತಿರ್ತಿದ್ರು."

ಕೈತೊಳೆಯಲು ಎದ್ದೆ.

13-11-2001, ಮಂಗಳವಾರ.

ಮೂರು ತಿಂಗಳಿಂದ ಇದರಲ್ಲಿ ಬರೆದಿಲ್ಲ. ಬರೆಯುವಂಥದ್ದು ಇತ್ತು, ಬರೆದರೆ ದಾಖಲೆಯಾಗುತ್ತದೆ ಎಂದು ಬಿಟ್ಟೆ.

ಇಂದು ಹಾಲ್‌ನ ಕಿಟಕಿಯಿಂದ ನೋಡಿದೆ. ಚೈತ್ರ ಬಾಗಿ ವಂದಿಸಿದಳು. ಅವನೂ ಅವಳಿಗೆ ಅಷ್ಟೇ ಬಾಗಿದ. ಹದಿಮೂರು ವರ್ಷದ ಹುಡುಗಿಗೆ! ಅವಳ ಮುಖದಲ್ಲಿ ಬಂದ ಕಳೆ... ನನ್ನ ಮುಂದೆ ಎಂದೂ ಬಂದಿಲ್ಲ. "ಪರವಾಗಿಲ್ಲ, ಒತ್ತಕ್ಷರ ತಿದ್ದು" ಎಂಬುದನ್ನು ಬಿಟ್ಟು ನಾನು ಏನು ಹೇಳಿದ್ದೇನೆ?

15-11-2001, ಗುರುವಾರ.

ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಚೈತ್ರಳಿಗೆ ಪ್ರಥಮ. ವಿಷಯ 'ನನ್ನ ಗುರು'. ರಮ್ಯ ಗಟ್ಟಿಯಾಗಿ ಓದಿದಳು. ಮೂರು ಪುಟ, ಎಲ್ಲ ನಿಂಗರಾಜು. ಕಾಗದ ಈಸಿಕೊಂಡು ನೋಡಿದೆ. ನನ್ನ ಳ, ನನ್ನ ಕ್ಷ, ನಾನು ಬಿಡುವ ಅಂಚು. ಅಕ್ಷರವೆಲ್ಲ ನನ್ನದು, ಹೊಗಳಿಕೆಯೆಲ್ಲ ಅವನಿಗೆ.



16-11-2001, ಶುಕ್ರವಾರ.

ಹೆಡ್ಮಾಸ್ಟರ್ ಚಾಮಯ್ಯನವರಿಗೆ ಮೂಗರ್ಜಿ. ಸದರಿ ತರಗತಿಯಿಂದ ವಿದ್ಯಾಭ್ಯಾಸಕ್ಕೆ ಭಂಗ, ನೆರೆಹೊರೆಯವರಿಗೆ ಕಿರಿಕಿರಿ, ಆದಕಾರಣ ಹಾಲ್ ಕೊಡುವುದನ್ನು ರದ್ದುಪಡಿಸಬೇಕು. ಎಡಗೈಯಲ್ಲಿ ಬರೆದೆ. ಇಂತಿ, ಹಿತೈಷಿಗಳು.

ಲಗತ್ತಿಲ್ಲದ ಅರ್ಜಿ ಅರ್ಜಿಯೇ ಅಲ್ಲ. ಕ್ಲಾಸಿನ ವೇಳಾಪಟ್ಟಿಯ ಯಥಾಪ್ರತಿಯೊಂದನ್ನು ಸೇರಿಸಿದೆ. ಯಥಾಪ್ರತಿ ಸೊಟ್ಟಗಿರಕೂಡದು, ಅದನ್ನು ಬಲಗೈಯಲ್ಲೇ ಬರೆದೆ. ಟಿ. ನರಸೀಪುರಕ್ಕೆ ಹೋಗಿ ಅಂಚೆಗೆ ಹಾಕಿಬಂದೆ, ಮೊಹರು ಆ ಊರಿನದಿರಲೆಂದು.

24-11-2001, ಶನಿವಾರ.

ಚೈತ್ರ ಮಂಗಳವಾರವೂ ಹೋಗಲಿಲ್ಲ, ಗುರುವಾರವೂ ಹೋಗಲಿಲ್ಲ, ಇಂದೂ ಇಲ್ಲ. ಕ್ಲಾಸ್ ನಿಂತಿರಬೇಕು. ಕೇಳಲಿಲ್ಲ. ಆರಕ್ಕೆ ತಾನೇ ಬಂದು ನಕಲಿಗೆ ಕುಳಿತಳು. ಒಂದೂ ತಪ್ಪಿಲ್ಲ, ಒಂದೂ ಮಾತಿಲ್ಲ.

ನನಗೆ ಬೇಕಾದದ್ದು ದೊರೆತಿದೆ. ನೆಮ್ಮದಿ ಮಾತ್ರ ದೊರೆತಿಲ್ಲ.

28-11-2001, ಬುಧವಾರ.

ಅವಳ ಗೆಳತಿ ದಿವ್ಯ ಬಾಗಿಲಲ್ಲೇ ಹಿಡಿದಳು. "ತಾತ, ಚೈತ್ರನ್ನ ಮತ್ತೆ ಸೇರಿಸ್ಕೊಳಕ್ಕೆ ನೀವಾದ್ರೂ ಸಾರ್‌ಗೆ ಹೇಳಿ. ಮುಂದಿನ ತಿಂಗ್ಳ ಕೊನೇಲಿ ಬೆಲ್ಟ್ ಟೆಸ್ಟು."

"ಕ್ಲಾಸ್ ನಿಂತಿಲ್ಲವೇ?"

"ಎಲ್ಲಿ ನಿಂತಿದೆ? ಇವಳನ್ನೇ ಬ್ಯಾಡ ಅಂದವ್ರೆ. ಯಾರೋ ಮೂಗರ್ಜಿ ಹಾಕಿದ್ರಲ್ಲ, ಅದರ ಜೊತೆ ಟೈಮ್‌ಟೇಬಲ್ಲು ಇವಳ ಕೈಬರಹದಲ್ಲೇ ಇತ್ತಂತೆ. ಹೆಡ್ಮಾಷ್ಟ್ರು ಕೇಳಿದ್ರೆ, ಊ, ನಾನೇ ಅಂದ್ಬುಟ್ಲು! ಸಾರ್ ಬಯ್ಯಲೇ ಇಲ್ಲ ತಾತ. ನಿಂಗೆ ಬ್ಯಾಡ ಅಂದ್ರೆ ನಂಗೇ ಹೇಳ್ಬೋದಿತ್ತಲ್ಲವ್ವಾ ಅಂದ್ರು."

ಹಿತ್ತಲಿಗೆ ಹೋಗಿ ಚೈತ್ರಳನ್ನು ಕೇಳಿದೆ — "ಯಾಕೆ ಒಪ್ಪಿಕೊಂಡೆ?"

ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ತಿರುಗಲಿಲ್ಲ.

"ಮತ್ತೆ ಯಾರದ್ದು ಅಂತ ಹೇಳ್ಲಿ ತಾತ? ನೀವು ದಿನಾ ಹೋಗಿ ಆಫೀಸ್ ಮುಂದೆ ಕೂತ್ಕೋಬೇಕಲ್ಲ. ಆಮೇಲೆ ಯಾರು ಬರ್ತಾರೆ ನಿಮ್ಮತ್ರ ಬರೆಸಕ್ಕೆ?"

ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

1-12-2001, ಶನಿವಾರ. ಬೆಳಿಗ್ಗೆ.

ಇಡೀ ತಾಲ್ಲೂಕಿನ ಅಹವಾಲು ಬರೆದ ಕೈ. ನಾಲ್ಕು ಹಾಳೆ ಹರಿದೆ. 'ಮಹಾಸ್ವಾಮಿಗಳ ಪಾದಾರವಿಂದಗಳಲ್ಲಿ' ಎಂದು ಆರಂಭಿಸಿದರೆ ಹೇಳಬೇಕಾದದ್ದು ಮೂರನೇ ಪುಟಕ್ಕೂ ಬರುವುದಿಲ್ಲ. ಐದನೆಯದು ಚಿಕ್ಕದು. ಅಂಚೆಗೆ ಹಾಕುವುದಿಲ್ಲ. ಸಂಜೆ ಹಾಲ್‌ಗೆ ಹೋಗಿ, ಚಾಮಯ್ಯನವರನ್ನೂ ಕರೆಸಿ, ಮಕ್ಕಳೆಲ್ಲರ ಎದುರು ನಾನೇ ಓದುವುದು. ಚೈತ್ರಳಿಗೆ ಹೇಳಿದ್ದೇನೆ. ಉಡುಪು ಇಸ್ತ್ರಿ ಮಾಡುತ್ತಿದ್ದಾಳೆ.

ಪ್ರತಿ:

ಶ್ರೀ ನಿಂಗರಾಜು, ಕರಾಟೆ ಗುರುಗಳು, ಇವರಿಗೆ.

ಮಾನ್ಯರೇ,

ಮೂಗರ್ಜಿ ಬರೆದವನು ನಾನು. ಚೈತ್ರ ಅಲ್ಲ. ಅದರಲ್ಲಿ ಕಾಣಿಸಿದ ಕಾರಣಗಳೆಲ್ಲ ಸುಳ್ಳು. ನಿಜವಾದ ಕಾರಣ ಹೊಟ್ಟೆಕಿಚ್ಚು. ಅದು ಇನ್ನೂ ಇದೆ. ಹೋಗಿದೆ ಎಂದು ಬರೆದರೆ ಮತ್ತೊಂದು ಸುಳ್ಳು ಹೇಳಿಕೆಯಾದೀತು. ತಮ್ಮನ್ನು ಆರಿಸಿದ್ದು ಮಾತ್ರ ತಪ್ಪಲ್ಲ. ಆದಕಾರಣ ಇವಳನ್ನು ಇಂದಿನಿಂದಲೇ ಮತ್ತೆ ಸೇರಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಸಹಿ: ಬೆಟ್ಟಸ್ವಾಮಿ (ಬಲಗೈ)

ಲಗತ್ತು:
1. ಮೊಮ್ಮಗಳು ಚೈತ್ರ, ಖುದ್ದು.