ನೂರ ನಲವತ್ತು ತಂಪಂಗಿಗಳು

ಗದಗ, ಫೆಬ್ರವರಿ ಮೂವತ್ತು, 2219

ಎರಡು ಶತಮಾನಗಳ ಹಿಂದೆ, ಹೊಸ ಉತ್ಪನ್ನವೊಂದರ ಬಿಡುಗಡೆಗೆ ದಿನ ಗೊತ್ತುಮಾಡಿಕೊಂಡು ಗೋಡೆಯ ಮೇಲಿನ ಪಟ್ಟಿ ನೋಡುತ್ತ ಕುಳಿತಿರುವವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ವರ್ಷದ ಕೊನೆಗೆ ಇಟ್ಟುಕೊಂಡು, ಯಾವ ಕೆಲಸವನ್ನೂ ಮಾಡದೆ ಕಳೆಯುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತವಳು. ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ಈ ಪತ್ರ ನಿಮಗೆ ಹೇಗೆ ಮುಟ್ಟೀತು ಎಂಬುದೂ ನನಗೆ ತಿಳಿಯದು. ಬರೆಯದೆ ಇರಲು ಆಗುತ್ತಿಲ್ಲ, ಅಷ್ಟೆ. ಬೆಳಗಿನಿಂದ ಮೂರು ಸಲ ಕುರ್ಚಿ ಬಿಟ್ಟು ಎದ್ದು ಕಿಟಕಿಯ ತನಕ ಹೋಗಿ ಬಂದಿದ್ದೇನೆ.

ನನ್ನ ಹೆಸರು ನೀಲಗಂಗಾ ಹೊಸಮನಿ. ಕಪ್ಪತಗುಡ್ಡದ ಬುಡದ ಒಂದು ಉಡುಪು ಕಾರ್ಖಾನೆಯಲ್ಲಿ ನಾನು ಗಡುವುಗಾರ್ತಿ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸಿ, ಎಲ್ಲರನ್ನೂ ಗೊತ್ತಾದ ದಿನಕ್ಕೆ ದಡ ಸೇರಿಸುವವಳು. ನಿಮ್ಮಲ್ಲಿಯೂ ಈ ಹುದ್ದೆ ಬೇರೆ ಹೆಸರಿನಲ್ಲಿ ಇತ್ತಂತೆ.

ನಮ್ಮ ಬೇಸಿಗೆಯಲ್ಲಿ ಹದಿನೈದು ದಿನ ಬಯಲಿನಲ್ಲಿ ಯಾರೂ ನಿಲ್ಲಲಾಗುವುದಿಲ್ಲ. ಅದನ್ನು ಉರಿಪಕ್ಷ ಎನ್ನುತ್ತೇವೆ. ಆಗ ಊರಿಗೆ ಊರೇ ತಂಪುಮನೆಗಳಿಗೆ, ಅಂದರೆ ನೆಲದಡಿಯ ದೊಡ್ಡ ಹಜಾರಗಳಿಗೆ, ಇಳಿದುಬಿಡುತ್ತದೆ. ಅಲ್ಲೇ ಶಾಲೆ, ಅಲ್ಲೇ ರೊಟ್ಟಿ ಬಡಿಯುವ ಸದ್ದು, ಅಲ್ಲೇ ಮದುವೆಯ ಮಾತುಕತೆ. ಮುದುಕರು ಗೋಡೆಗೆ ಬೆನ್ನು ಕೊಟ್ಟು ಚೌಕಾಬಾರ ಆಡುತ್ತಾರೆ. ಒಗೆದ ಬಟ್ಟೆ ಒಣಗುವುದೇ ಇಲ್ಲವೆಂದು ಹೆಂಗಸರು ಗೊಣಗುತ್ತಾರೆ. ಈ ಹಜಾರಗಳನ್ನು ತಂಪಾಗಿಡುವ ವಿದ್ಯುತ್ತು ಗುಡ್ಡದ ಮೇಲೆ ರೆಕ್ಕೆ ತಿರುಗಿಸುತ್ತ ನಿಂತ ಗಾಳಿಕಂಬಗಳಿಂದ ಬರುತ್ತದೆ. ಕಂಬ ಕೆಟ್ಟರೆ ಯಾರಾದರೂ ಏರಲೇಬೇಕು. ಹಾಗೆ ಏರುವವರು ಇನ್ನೂರ ಹತ್ತು ಮಂದಿ. ಎರಡು ವರ್ಷದ ಹಿಂದೆ ಅವರಲ್ಲಿ ಇಬ್ಬರು ಕಂಬದ ಮೇಲೆಯೇ ತೀರಿಕೊಂಡರು. ಅದಾದ ಮೇಲೆ ನಾವು ತಂಪಂಗಿ ಮಾಡಲು ಹೊರಟೆವು. ಬೆನ್ನ ಮೇಲೊಂದು ಮಂಜುಗಡ್ಡೆಯ ಚೀಲ, ಬಟ್ಟೆಯೊಳಗೆ ಸಣ್ಣ ಕೊಳವೆಗಳು. ತೊಟ್ಟವರು ಕೈಕಾಲು ಆಡಿಸಿದರೆ ಆ ಚಲನೆಯೇ ತಣ್ಣೀರನ್ನು ಮೈಸುತ್ತ ತಳ್ಳುತ್ತದೆ.

ಹೋದ ವರ್ಷ ಉರಿಪಕ್ಷಕ್ಕೆ ಇಪ್ಪತ್ತೊಂದು ದಿನ ಇರುವಾಗ ನನ್ನ ಪಟ್ಟಿಯಲ್ಲಿ ಹತ್ತೊಂಬತ್ತು ಕೆಲಸ ಬಾಕಿಯಿದ್ದವು. ಮರುದಿನ ಹವಾಮಾನದವರು, ಉರಿ ಎಂಟು ದಿನ ಮುಂಚೆಯೇ ಬರುತ್ತದೆ ಎಂದು ಸಾರಿದರು. ಉಳಿದದ್ದು ಹನ್ನೆರಡು ದಿನ. ಆ ಮಧ್ಯಾಹ್ನವೇ ಮೌಲಾಬಿ ನದಾಫ ನನ್ನ ಕೋಣೆಗೆ ಬಂದರು. ಅವರು ಪರೀಕ್ಷೆಯ ವಿಭಾಗದವರು, ಐವತ್ತೆಂಟು ದಾಟಿದವರು. ಬಿಸಿಕೋಣೆಯಲ್ಲಿ ಅಂಗಿ ತೊಟ್ಟು ನಡೆದಾಡಿ ನೋಡಬೇಕೆಂಬುದು ನಮ್ಮ ನಿಯಮ. ಅವತ್ತು ಮೊಣಕಾಲು ನೋಯುತ್ತಿದ್ದರಿಂದ ಅವರು ಸುಮ್ಮನೆ ನಿಂತರಂತೆ. ನೀರೂ ನಿಂತಿತಂತೆ.

"ನಡದ್ರ ಅಂಗಿ ಚಲೋ ಐತ್ರಿ. ನಿಂತ್ರ ಅದೂ ನಿಲ್ತೈತಿ," ಎಂದರು.

ಕಂಬ ಏರುವವರು ನಿಲ್ಲುವುದಿಲ್ಲ, ಏರುತ್ತಾರೆ ಎಂದು ನಾನು ಹೇಳಿದೆ. ಆದರೂ ಅವರ ಮಾತನ್ನು ಪಟ್ಟಿಯಲ್ಲಿ 'ಆಮೇಲೆ' ಎಂಬ ಭಾಗದಲ್ಲಿ ಬರೆದುಕೊಂಡೆ. ಬರೆದುಕೊಂಡರೆ ಕೇಳಿದ ಹಾಗೆ ಎಂದು ನಾನಾಗ ತಿಳಿದಿದ್ದೆ.

ಅದೇ ಸಂಜೆ ಕಾರ್ಖಾನೆಯ ಮುಖ್ಯಸ್ಥ ಗುರುಪಾದ ಅಕ್ಕಿಯವರು ಅಂಗಿಗೆ ಮಾತಾಡುವ ಕಾಲರ್ ಬೇಕೆಂದರು. ತೊಟ್ಟವರಿಗೆ ಮೈಯ ಬಿಸಿ ಎಷ್ಟಿದೆಯೆಂದು ಅದು ಇಂಪಾದ ದನಿಯಲ್ಲಿ ಹೇಳುತ್ತಿರಬೇಕು. ಬಿಡುಗಡೆಯ ಸಮಾರಂಭಕ್ಕೆ ಹೊರಗಿನ ಅತಿಥಿಗಳು ಬರುವವರಿದ್ದರು. ಅಕ್ಕಿಯವರು ಕೆಟ್ಟವರಲ್ಲ. ಅಂಗಿಯನ್ನು ಜನ ನಂಬಬೇಕಾದರೆ ಅದು ಅವರೊಡನೆ ಮಾತಾಡಬೇಕು ಎಂದು ನಿಜವಾಗಿಯೂ ನಂಬಿದ್ದರು. ನಾನು ಒಪ್ಪಿ ಕಾಲರಿಗೆ ಮೂರು ದಿನ ಕೊಟ್ಟೆ. ಕಾಲರಿನ ಅಳತೆ ತೀರ್ಮಾನವಾಗದೆ ಹೊಲಿಗೆ ಶುರುವಾಗುವಂತಿರಲಿಲ್ಲ. ಮೂರು ದಿನ ಯಂತ್ರಗಳು ಬಾಯಿ ಮುಚ್ಚಿ ಕೂತವು. ಗೋಡೆಯ ಪಟ್ಟಿಯಲ್ಲಿ ಮಾತ್ರ ಮುಗಿದ ಕೆಲಸಗಳ ಎದುರು ಸಾಲುಸಾಲಾಗಿ ಹಸಿರು ಗುರುತು ಬೀಳುತ್ತಿತ್ತು. ಅದನ್ನು ನೋಡಿ ನಾನು ನೆಮ್ಮದಿಯಾಗಿದ್ದೆ.

ನಾಲ್ಕನೆಯ ದಿನ ಮೌಲಾಬಿ ಮತ್ತೆ ಬಂದರು. ವಾದ ಮಾಡಲಿಲ್ಲ. ಹೊಸ ಕಾಲರಿನ ಮಾದರಿ ಅಂಗಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ಹಾಕ್ಕೊಂಡು ಬರ್ರಿ. ಹತ್ತು ನಿಮಿಷ ನಟ್ ಬಿಗೀರಿ, ಸಾಕು," ಎಂದರು.

ಬಿಸಿಕೋಣೆಯಲ್ಲಿ ಐವತ್ತಮೂರು ಡಿಗ್ರಿ. ನಾನು ಕಂಬದ ತುಂಡೊಂದರ ಮುಂದೆ ನಿಂತು, ಏರುವವರು ಮಾಡುವ ಹಾಗೆಯೇ ನಟ್ ಬಿಗಿಯತೊಡಗಿದೆ. ಆಡುತ್ತಿದ್ದದ್ದು ಬೆರಳು ಮಾತ್ರ. ನಾಲ್ಕನೆಯ ನಿಮಿಷಕ್ಕೆ ಕೊಳವೆಯ ನೀರು ಬೆಚ್ಚಗಾಯಿತು. ಆರಕ್ಕೆ ಕಾದ ಹಂಡೆಯನ್ನು ಅಪ್ಪಿಕೊಂಡಂತಾಯಿತು. ಬರಿಮೈಯಲ್ಲಿದ್ದರೆ ಬೆವರಾದರೂ ಆರುತ್ತಿತ್ತು. ಈ ಅಂಗಿಯೊಳಗೆ ಅದೂ ಇಲ್ಲ. ಒಂಬತ್ತನೆಯ ನಿಮಿಷಕ್ಕೆ ಕೊಂಡಿ ಬಿಚ್ಚಲು ಹೋದರೆ ಕೈ ಮಾತು ಕೇಳಲಿಲ್ಲ. ನನ್ನ ಕುತ್ತಿಗೆಯ ಬಳಿ ಕಾಲರು, "ತಮ್ಮ ಆರೋಗ್ಯ ಚೆನ್ನಾಗಿದೆ" ಎಂದು ಇಂಪಾಗಿ ಹೇಳುತ್ತಿತ್ತು. ಮೌಲಾಬಿಯೇ ಬಂದು ಕೊಂಡಿ ಬಿಚ್ಚಿ ನನ್ನನ್ನು ಹೊರಗೆ ಎಳೆದುಕೊಂಡರು. ತಲೆಗೆ ನೀರು ಹಾಕಿದರು.

ಹೊರಗೆ ಬಂದವಳೇ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಹೊಡೆದುಹಾಕಿದೆ. ಕಾಲರು ಹೋಯಿತು, ಬಣ್ಣ ಹೋಯಿತು, ಜೇಬು ಹೋಯಿತು. ಮೌಲಾಬಿಯ ಸಾಲು ಉಳಿಯಿತು, ಅದರ ಕೆಳಗೆ ಹೊಸದೊಂದು ಸೇರಿತು: ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕೊಂಡಿ. ನೀರು ನಿಲ್ಲದಿರಲು ಕಂಕುಳಲ್ಲಿ ಟೊಳ್ಳಾದ ಒಂದು ರಬ್ಬರ್ ಚೆಂಡು ಇಟ್ಟೆವು. ನಿಂತಲ್ಲೇ ಮೊಣಕೈಯಿಂದ ಒತ್ತಿದರೆ ನೀರು ಹರಿಯುತ್ತದೆ. ಅದನ್ನು ಸರಿಮಾಡಲು ಎರಡು ದಿನ ಹಿಡಿಯಿತು. ಹೊಲಿಗೆಗೆ ಉಳಿದದ್ದು ಆರು ದಿನ. ಸಮಾರಂಭ ಬೇಡವೆಂದಾಗ ಅಕ್ಕಿಯವರು ಅತಿಥಿಗಳ ಪಟ್ಟಿಯನ್ನು ಮಡಚಿಟ್ಟರು. ಆಮೇಲೆ ಎಷ್ಟು ಅಂಗಿ ಆಗುತ್ತವೆ ಎಂದು ಕೇಳಿದರು. ನೂರ ನಲವತ್ತು ಎಂದೆ.

"ಉಳಿದ ಎಪ್ಪತ್ತು ಮಂದಿ?" ಎಂದರು.



ಏರುವವರಿಗೆ ನಾನೇ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಬಸಲಿಂಗ ಕಮ್ಮಾರ ಎಂಬ ಮೂವತ್ತೊಂದರ ಗಟ್ಟಿ ಆಳು, ವಯಸ್ಸಾದವರು ಅಂಗಿ ತೊಡಲಿ, ನಾವು ಬಿಸಿಲು ಏರುವ ಮುಂಚೆ ಏರಿ ಇಳಿಯುತ್ತೇವೆ ಎಂದ. ಅಂಗಿಯಿಲ್ಲದವರು ಬೆಳಗಿನ ಎಂಟರ ನಂತರ ಕಂಬ ಮುಟ್ಟಬಾರದೆಂದು ಅವರವರೇ ಕಟ್ಟು ಮಾಡಿಕೊಂಡರು. ಒಂಬತ್ತು ದಿನ ಅದನ್ನು ಪಾಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಹತ್ತನೆಯ ದಿನ ಮಧ್ಯಾಹ್ನ, ದಕ್ಷಿಣದ ಹಜಾರಕ್ಕೆ ವಿದ್ಯುತ್ತು ಕೊಡುವ ಕಂಬ ಕೆಟ್ಟು ನಿಂತಿತು. ಬಾಣಂತಿಯರೂ ಎಳೆಕೂಸುಗಳೂ ಇದ್ದದ್ದು ಆ ಹಜಾರದಲ್ಲಿ. ಅಂಗಿ ತೊಟ್ಟವರೆಲ್ಲ ಗುಡ್ಡದ ಆಚೆ ಬದಿಯಲ್ಲಿದ್ದರು. ಅವರು ಬರುವ ತನಕ ತಾಳು ಎಂದು ಜೊತೆಯವರು ತಡೆದರೂ ಕೇಳದೆ ಬಸಲಿಂಗ ಏರಿದ. ಕಂಬದ ರೆಕ್ಕೆ ತಿರುಗಿತು, ಹಜಾರ ತಂಪಾಯಿತು. ಅವನು ಇಳಿದು ಬಂದು, ನೀರು ಕೇಳಿ ಕುಡಿದು, ನೆರಳಿಗೆ ಕೂತ. ಮತ್ತೆ ಏಳಲಿಲ್ಲ.

ಆ ಉರಿಪಕ್ಷದಲ್ಲಿ ಸತ್ತವನು ಅವನೊಬ್ಬನೇ. ಗೊತ್ತಾದ ದಿನಕ್ಕೆ ಅಂಗಿ ಮುಟ್ಟಿಸಿದ್ದಕ್ಕೆ ನನಗೆ ಶಾಲು ಹೊದಿಸಿದರು. ನಮ್ಮ ಯಂತ್ರಗಳು ದಿನಕ್ಕೆ ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಅಂಗಿ ಹೊಲಿಯುತ್ತವೆ. ಕಾಲರಿಗೆ ನಾನು ಕೊಟ್ಟದ್ದು ಮೂರು ದಿನ. ಈ ಗುಣಾಕಾರವನ್ನು ಯಾರೂ ನನ್ನ ಮುಂದೆ ಮಾಡಿಲ್ಲ, ಮೌಲಾಬಿ ಕೂಡ. ರೊಟ್ಟಿ ಮುರಿಯುವಾಗ, ಬಸ್ಸಿಗೆ ಕಾಯುವಾಗ, ನಾನೇ ಮಾಡುತ್ತಿರುತ್ತೇನೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಗಡುವನ್ನು ದ್ವೇಷಿಸಬೇಡಿ, ಉರಿಪಕ್ಷ ಯಾರಿಗೂ ಕಾಯುವುದಿಲ್ಲ, ನಮ್ಮ ಗಡುವು ನಿಜವಾದದ್ದೇ ಆಗಿತ್ತು. ಆದರೆ ಪಟ್ಟಿಯನ್ನು ಕುರ್ಚಿಯಲ್ಲಿ ಕೂತು ಬರೆಯಬೇಡಿ. ನೀವು ಮಾಡಿದ್ದನ್ನು ಮೊದಲು ನೀವೇ ತೊಟ್ಟು, ತೊಡುವವರು ನಿಲ್ಲುವಲ್ಲಿ, ಅವರು ನಿಲ್ಲುವಷ್ಟು ಹೊತ್ತು ನಿಂತು ನೋಡಿ. ಯಾವುದು ಮೊದಲು ಎಂಬುದು ಅಲ್ಲಿ ತಿಳಿಯುತ್ತದೆ.

ಈ ವರ್ಷದ ಉರಿಪಕ್ಷಕ್ಕೆ ಇನ್ನು ಇಪ್ಪತ್ತಾರು ದಿನ. ಬಸಲಿಂಗನ ಹೆಂಡತಿ ದೇವಕ್ಕ ಪರೀಕ್ಷೆಯ ಕೆಲಸಕ್ಕೆ ಅರ್ಜಿ ಹಾಕಿದ್ದರು. ಇವತ್ತು ಅವರ ಮೊದಲ ದಿನ. ಈಗಷ್ಟೇ ಬಾಗಿಲಿಗೆ ಬಂದು, ಹೊಸ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು, "ಮೊದ್ಲ ಯಾವ್ದು ನೋಡ್ಲಿ ಅಕ್ಕಾರ?" ಎಂದು ಕೇಳಿ ನಿಂತಿದ್ದಾರೆ. ನಾನು ಏಳಬೇಕು.

ನಿಮ್ಮ,
ನೀಲಗಂಗಾ ಹೊಸಮನಿ